ತಾಯಿತೊಟ್ಟಿಯ ಹೆಪ್ಪು

ಆ ಊರಿನ ಸೇತುವೆಯ ತುದಿಯಲ್ಲಿ ಆಳೆತ್ತರದ ಕಲ್ಲೊಂದು ನಿಂತಿದೆ. ಸೇತುವೆ, ಅದರ ಕಟಕಟೆ, ಹೊಳೆಗಿಳಿಯುವ ಮೆಟ್ಟಿಲು ಎಲ್ಲವೂ ಬಿಳಿಗಲ್ಲಿನವು. ಅದೊಂದು ಮಾತ್ರ ನೀಲಿ. ಯಾಕೆ ಹೀಗೆ ಎಂದು ಕೇಳಿದರೆ ಊರಿನ ದೊಡ್ಡವರು ಎದೆಯುಬ್ಬಿಸಿ ಒಂದು ಕಥೆ ಹೇಳುತ್ತಾರೆ. ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು, ಸುತ್ತಮುತ್ತ ಒಮ್ಮೆ ನೋಡಿಕೊಂಡು, ಇನ್ನೊಂದನ್ನು ಹೇಳುತ್ತಾರೆ. ಮೊದಲನೆಯದನ್ನು ಕಲ್ಲಿನ ಮೇಲೆಯೇ ಕೆತ್ತಿಸಿದ್ದಾರೆ, ಬೇಕಾದವರು ಹೋಗಿ ಓದಿಕೊಳ್ಳಬಹುದು. ಇಲ್ಲಿ ಬರೆದಿರುವುದು ಎರಡನೆಯದು.

ಹೊಳೆಯ ಕಡೆಗೆ ಇಳಿಜಾರಾದ ಬೀದಿಯ ಕೊನೆಯಲ್ಲಿ ಬಟ್ಟೆಗೆ ನೀಲಿ ಅದ್ದುವವರ ಮನೆಯಿತ್ತು. ಯಜಮಾನ ತೀರಿಕೊಂಡ ಮೇಲೆ ಅಲ್ಲಿ ಉಳಿದವರು ಇಬ್ಬರೇ, ಅವನ ಹೆಂಡತಿ ಮತ್ತು ಅವನ ತಮ್ಮ. ಮದುವೆಯಾಗಿ ಬಂದಾಗಿನಿಂದ ಬಣ್ಣದಲ್ಲಿ ಅದ್ದಿ ಅದ್ದಿ ಆಕೆಯ ಕೈಗಳು ಮೊಣಕೈವರೆಗೆ ನೀಲಿಗಟ್ಟಿದ್ದವು. ಬೀದಿಯವರ ಬಾಯಲ್ಲಿ ಆಕೆ ‘ನೀಲಿಗೈ’. ಅದು ಯಾರೂ ಅಕ್ಕರೆಯಿಂದ ಇಟ್ಟ ಹೆಸರಲ್ಲ. ಆದರೆ ಕರೆಸಿಕೊಂಡು ಕರೆಸಿಕೊಂಡು ಆಕೆಗೆ ಅದೇ ಹೆಸರಾಗಿತ್ತು, ಓಗೊಡುತ್ತಿದ್ದಳು.

ಮನೆಯ ಹಿಂದಿನ ಹಜಾರದಲ್ಲಿ ನೆಲದೊಳಗೆ ಹೂತ ಕಲ್ಲಿನ ತೊಟ್ಟಿಗಳಿದ್ದವು. ಒಳಗಿಳಿದು ನಿಂತರೆ ನೆತ್ತಿಯೂ ಹೊರಗೆ ಕಾಣದಷ್ಟು ಆಳ. ಮೇಲೆ ಹಲಗೆಯ ಮುಚ್ಚಳ. ಮೂಲೆಯಲ್ಲಿದ್ದ ದೊಡ್ಡದಕ್ಕೆ ತಾಯಿತೊಟ್ಟಿ ಎಂದು ಹೆಸರು. ನಿನ್ನೆಯ ಮೊಸರಿಲ್ಲದೆ ಇವತ್ತಿನ ಹಾಲು ಹೇಗೆ ಹೆಪ್ಪುಗಟ್ಟುವುದಿಲ್ಲವೋ ಹಾಗೆಯೇ ತಾಯಿತೊಟ್ಟಿಯ ಹೆಪ್ಪು ಬೀಳದೆ ಉಳಿದ ಯಾವ ತೊಟ್ಟಿಯಲ್ಲೂ ಬಣ್ಣ ಏಳುತ್ತಿರಲಿಲ್ಲ. ಆ ಹೆಪ್ಪನ್ನು ನೀಲಿಗೈಗೆ ಒಪ್ಪಿಸಿದವಳು ಅವಳ ಅತ್ತೆ. ಅತ್ತೆಗೆ ಒಪ್ಪಿಸಿದವಳು ಅತ್ತೆಯ ಅತ್ತೆ. ಅದಕ್ಕೆ ಹೊತ್ತುಹೊತ್ತಿಗೆ ತೌಡು, ಸುಣ್ಣ ಹಾಕಬೇಕು, ಸುತ್ತಲಿನ ಗೂಡಿಗೆ ಬಿಸಿಬೂದಿ ತುಂಬಿ ಬೆಚ್ಚಗಿಡಬೇಕು, ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಅದರ ಮೈ ಹೇಗಿದೆಯೆಂದು ತಿಳಿಯಬೇಕು. ತಣ್ಣಗಾದರೆ ಸಾಯುತ್ತದೆ. ಆ ತೊಟ್ಟಿಯ ತಳವನ್ನು ಆ ಮನೆಯಲ್ಲಿ ಯಾರೂ ಕಂಡವರಿರಲಿಲ್ಲ.

ಮೈದುನನಿಗೆ ಎಲ್ಲದರಲ್ಲೂ ನಗೆ. ಬೆಳಿಗ್ಗೆ ತೌಡಿನ ಬುಟ್ಟಿ ಹಿಡಿದು ಹಜಾರಕ್ಕೆ ಬರುವಾಗಲೇ ಶುರು.

“ಅತ್ತಿಗೆ, ನಮ್ಮಮ್ಮನಿಗೆ ಊಟ ಆಯ್ತಾ?”

“ನಿಮ್ಮಮ್ಮ ಬದುಕಿದ್ದಾಗ ಇಷ್ಟು ವಿಚಾರಿಸಿದ್ದರೆ ಇನ್ನೂ ನಾಲ್ಕು ದಿನ ಇರೋರು.”

“ಆಗ ಬೈತಿದ್ರು. ಈಗ ಬರೀ ನಾತ ಬಿಡ್ತಾರೆ. ಇದೇ ವಾಸಿ.”

ನಾತವಂತೂ ನಿಜ. ಗಾಳಿ ತಿರುಗಿದ ದಿನ ಇಡೀ ಬೀದಿ ಮೂಗು ಮುಚ್ಚಿಕೊಳ್ಳುತ್ತಿತ್ತು. ಎದುರು ಮನೆಯ ಮೇಷ್ಟ್ರ ಹೆಂಡತಿ ನಗರಸಭೆಗೆ ದೂರು ಕೊಟ್ಟು, ತೊಟ್ಟಿಗಳನ್ನು ಊರಾಚೆ ಸಾಗಿಸಬೇಕೆಂದು ಬೀದಿಯವರಿಂದೆಲ್ಲ ರುಜು ಹಾಕಿಸಿದ್ದಳು. ಆ ಮನೆಗೆ ಬಂದ ಬಟ್ಟೆ ತೊಟ್ಟಿಯಿಂದ ಹಸಿರಾಗಿ ಮೇಲೇಳುವುದನ್ನಾಗಲಿ, ನೋಡುನೋಡುತ್ತಿದ್ದಂತೆ ಗಾಳಿ ಸೋಕಿ ನೀಲಿಯಾಗುವುದನ್ನಾಗಲಿ ಅವಳು ಒಮ್ಮೆಯೂ ಬಂದು ನೋಡಿರಲಿಲ್ಲ. ನೋಡಿದ್ದರೆ ಮುಂದಿನದನ್ನು ಊಹಿಸಬಹುದಾಗಿತ್ತು. ನೀಲಿಗೈಗಾದರೋ ಅದು ನೀರು ಕುದಿಯುವಷ್ಟು ಸಾಮಾನ್ಯ ಸಂಗತಿ. ಹೇಳಬೇಕಾದ ಮಾತೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಹೊಳೆಯ ಆಚೆ ದಡಕ್ಕೆ ಶತ್ರುಸೈನ್ಯ ಬಂದಿಳಿದಾಗ ಊರನ್ನು ಕಾಯುತ್ತಿದ್ದ ದಂಡು ಸೇತುವೆಯ ಈಚೆ ತಲೆಯಲ್ಲಿ ಬೀಡುಬಿಟ್ಟಿತು. ಸೇತುವೆ ಹೋದರೆ ಊರು ಹೋದಂತೆ. ಮನೆಗೊಬ್ಬರಂತೆ ಗಟ್ಟಿಮುಟ್ಟಾದವರು ಮರಳಿನ ಚೀಲ ಹೊರಲು ಬರಬೇಕೆಂದು ಅಪ್ಪಣೆಯಾಯಿತು. ಬೀದಿಯಲ್ಲಿ ಆ ಅಪ್ಪಣೆಯನ್ನು ಓದಿ ಹೇಳುವ ಹೊಣೆ ಮೇಷ್ಟ್ರದು. ಮೇಷ್ಟ್ರು ಓದಿ ಸುಮ್ಮನಾಗುವ ಪೈಕಿ ಅಲ್ಲ. ಸ್ಟೂಲಿನ ಮೇಲೆ ಹತ್ತಿ ನಿಂತು, ಹೆತ್ತ ನೆಲ, ಹರಿಯುವ ನೆತ್ತರು, ಮುಂದಿನ ಪೀಳಿಗೆ ಎಂದು ಕೇಳಿದವರ ಮೈ ನವಿರೇಳುವಂತೆ ಮಾತಾಡಿದರು. ಕೊನೆಗೆ ಧ್ವನಿ ಗದ್ಗದವಾಗಿ ಸ್ಟೂಲಿನಿಂದ ಇಳಿಯುವಾಗ ಅವರಿಗೆ ಇಬ್ಬರು ಕೈಕೊಡಬೇಕಾಯಿತು.

ಅವರ ಕಾಲು ನೆಲ ಮುಟ್ಟುವುದಕ್ಕೂ ಫಿರಂಗಿಯ ಮೊದಲ ಗುಂಡು ಬೀದಿಯ ಮೇಲ್ತುದಿಯ ಮನೆಯ ಮೇಲೆ ಬೀಳುವುದಕ್ಕೂ ಸರಿಹೋಯಿತು.

ಹೊಳೆಯ ಮಗ್ಗುಲಿನ ಬೀದಿ. ಅಗೆದರೆ ನೀರು ಜಿನುಗುತ್ತದೆಂದು ಯಾರ ಮನೆಯಲ್ಲೂ ನೆಲಮಾಳಿಗೆ ಇರಲಿಲ್ಲ. ನೆಲದೊಳಗೆ ಕಲ್ಲು ಗಾರೆಯಿಂದ ಭದ್ರವಾಗಿ ಕಟ್ಟಿದ್ದು ಎಂದರೆ ನೀಲಿಗೈಯ ತೊಟ್ಟಿಗಳು ಮಾತ್ರ. ಇದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಅವಳ ಬಾಗಿಲಿಗೆ ಮೊದಲು ಬಂದವಳು ಮೇಷ್ಟ್ರ ಹೆಂಡತಿ.

“ಅಕ್ಕಾ,” ಎಂದಳು. ಆ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. “ಅಕ್ಕಾ, ಆ ತೊಟ್ಟಿ ಖಾಲಿ ಮಾಡಮ್ಮಾ. ಜೀವ ಉಳಿಸು.”

“ಊರಾಚೆ ಸಾಗಿಸಬೇಕು ಅಂತಿದ್ರಲ್ಲ, ಮೇಷ್ಟ್ರಮ್ಮ. ಸಾಗಿಸಿದ್ದರೆ ಈಗ ಎಷ್ಟು ದೂರ ನಡೀಬೇಕಾಗಿತ್ತು ನೋಡಿ,” ಎಂದವನು ಮೈದುನ. ಅವನು ಆಗಲೇ ಹೆಗಲಿಗೆ ಗೋಣಿತಾಟು ಹಾಕಿಕೊಂಡು ಸೇತುವೆಗೆ ಹೊರಟಿದ್ದ.

“ನಗೋ ಹೊತ್ತೇನೋ ಇದು!” ಎಂದು ಅವನನ್ನು ಗದರಿ, ನೀಲಿಗೈ ಚಿಕ್ಕ ತೊಟ್ಟಿಗಳ ಬಿರಡೆ ಕಿತ್ತಳು. ಬಣ್ಣ ಚರಂಡಿ ಹಿಡಿದು ಹೊಳೆಗೆ ಹರಿಯಿತು. ಅವುಗಳಲ್ಲಿ ಬೀದಿಯ ಹೆಚ್ಚಿನ ಮಂದಿ ಕುರಿಗಳಂತೆ ತುಂಬಿದರು. ಹೊರಗೆ ಉಳಿದವರು ಮೇಷ್ಟ್ರು, ಅವರ ಹೆಂಡತಿ, ಗಡಿಯಾರ ರಿಪೇರಿಯವನು, ಅವನ ಬೆನ್ನ ಮೇಲೆ ಕೂಸಿನಂತೆ ಕಟ್ಟಿಕೊಂಡಿದ್ದ ಅವನ ಮುದಿತಾಯಿ. ಉಳಿದದ್ದು ತಾಯಿತೊಟ್ಟಿ.

ನೀಲಿಗೈ ಅದರ ಮುಂದೆ ಕೂತು ಮುಚ್ಚಳದ ಮೇಲೆ ಕೈಯಿಟ್ಟಳು. ಏಳಲು ಆಗಲಿಲ್ಲ. ಮೇಲೆ ಹೆಂಚು ಗಡಗಡನೆ ಅದುರುತ್ತಿತ್ತು.

ಮೈದುನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. “ಅತ್ತೇನ ಬೀದಿಗೆ ಹಾಕಿದ ಸೊಸೆ ಅಂತ ಹೆಸರು ಬರುತ್ತೆ, ಅತ್ತಿಗೆ,” ಎಂದ. ಅವಳು ನಗಲಿಲ್ಲ. ಅವನೇ ಧ್ವನಿ ತಗ್ಗಿಸಿ, “ಒಂದು ಕೊಡ ತೆಗೆದಿಡಿ. ಬೆಚ್ಚಗಿಟ್ಟರೆ ಉಳಿಯುತ್ತೆ. ತೊಟ್ಟಿ ಆಮೇಲೆ ತುಂಬಿಸೋಣ, ನಾನು ಬಂದ ಮೇಲೆ,” ಎಂದ.

ಅವಳು ಮಣ್ಣಿನ ಕೊಡವೊಂದಕ್ಕೆ ಹೆಪ್ಪು ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಕೊಡವನ್ನು ಕೌದಿಯಲ್ಲಿ ಸುತ್ತಿದಳು. ಆಮೇಲೆ ಬಿರಡೆ ಕೀಳಿಸಿದಳು. ತಲೆಮಾರುಗಳ ನೀರು ಗೊಟಗೊಟನೆ ಹೋಗುವ ಸದ್ದನ್ನು ಅವಳು ಬೆನ್ನು ತಿರುಗಿಸಿಕೊಂಡು ಕೇಳಿದಳು.

ಮೇಷ್ಟ್ರು ಮೈದುನನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು: “ನೀನು ಹೊರಟಿದ್ದೀಯ, ಭೇಷ್. ಬೀದಿಯ ಪರವಾಗಿ ಒಬ್ಬ ಹೋದ ಹಾಗಾಯ್ತು. ನಾವು ಹಿಂದೇನೇ ಬರ್ತೀವಿ.”

“ಬನ್ನಿ ಬನ್ನಿ. ಭಾಷಣ ಮಾತ್ರ ಇಲ್ಲೇ ಇಟ್ಟು ಬನ್ನಿ, ಮೇಷ್ಟ್ರೇ; ಅದು ಮರಳಿಗಿಂತ ಭಾರ,” ಎಂದು ಅವನು ಓಡಿದ. ಬಾಗಿಲಲ್ಲಿ ಒಮ್ಮೆ ತಿರುಗಿ ಮೊಣಕೈವರೆಗೆ ನೀಲಿಗಟ್ಟಿದ್ದ ತನ್ನ ಕೈಯನ್ನೆತ್ತಿ ಆಡಿಸಿದ. ಅವರಿಬ್ಬರ ಮಾತನ್ನು ಗಡಿಯಾರದವನು ಕೇಳಿದ, ಅವನ ತಾಯಿ ಕೇಳಿದಳು, ಮೇಷ್ಟ್ರ ಹೆಂಡತಿ ಕೇಳಿದಳು, ಅಕ್ಕಪಕ್ಕದ ತೊಟ್ಟಿಗಳ ಏಣಿ ಹತ್ತಿ ಕತ್ತು ಚಾಚಿದ್ದವರೆಲ್ಲ ಕೇಳಿದರು.

ಎಲ್ಲ ತೊಟ್ಟಿಗಳ ತಳದಲ್ಲೂ ಲೋಳೆಯಂಥ ಗಸಿ ಉಳಿದಿತ್ತು. ಅದರ ಮೇಲೆ ಒಂದು ಚಾಪೆ, ನಾಲ್ಕು ಗೋಣಿ ಹಾಸಬೇಕೆಂದು ನೀಲಿಗೈಗೆ ಹೊಳೆಯಲಿಲ್ಲ. ಮೈಗೆ ಬಣ್ಣ ಹತ್ತುವುದು ಒಂದು ತೊಂದರೆ ಎಂದು ಆ ಮನೆಯಲ್ಲಿ ಯಾರೂ ಎಣಿಸಿದವರಲ್ಲ. ಎಲ್ಲರೂ ಇಳಿದು ಗಸಿಯಲ್ಲೇ ಕೂತರು, ಗೋಡೆಗೆ ಒರಗಿದರು. ಮುಚ್ಚಳ ಎಳೆದುಕೊಂಡಾಗ ಮೈಯೆಲ್ಲ ಅಂಟಂಟು, ಕಣ್ಣಿಗೆ ಕತ್ತಲೆ, ಮೂಗಿಗೆ ತಡೆಯಲಾಗದ ನಾತ.

“ಆ ಕೊಡ ಮೇಲಿಡೇ,” ಎಂದಳು ಮೇಷ್ಟ್ರ ಹೆಂಡತಿ. ಕಷ್ಟ ಸ್ವಲ್ಪ ಸಡಿಲವಾಗಿತ್ತು. ‘ಅಕ್ಕ’ ಆಗಲೇ ಹೋಗಿತ್ತು. “ಉಸಿರು ಕಟ್ಟುತ್ತೆ. ಜಾಗ ಬೇರೆ ತಿನ್ನುತ್ತೆ.”

“ಮೇಲಿಟ್ಟರೆ ತಣ್ಣಗಾಗುತ್ತೆ. ತಣ್ಣಗಾದ್ರೆ ಸಾಯುತ್ತೆ.”

“ನಾವು ಸತ್ತರೆ ಪರವಾಗಿಲ್ವಾ?”

“ನಿಮಗೋಸ್ಕರ ಇಡೀ ತೊಟ್ಟಿ ಚೆಲ್ಲಿದ್ದೀನಿ. ಇದೊಂದನ್ನ ಕೇಳಬೇಡಿ.”

ಆಗ ಗಡಿಯಾರದವನ ತಾಯಿ, ಚಳಿಗೆ ಹಲ್ಲು ಕಟಕಟಿಸುತ್ತಿದ್ದವಳು, ಕತ್ತಲೆಯಲ್ಲಿ ತಡಕಾಡಿ ಕೊಡವನ್ನು ತಬ್ಬಿಕೊಂಡಳು. “ಬೆಚ್ಚಗಿದೆ ಕಣೇ ಮಗಳೇ. ಇರಲಿ ಬಿಡು, ನನ್ನ ಹತ್ತಿರ ಇರಲಿ,” ಎಂದಳು. ಮುದುಕಿಯ ಮೈಬಿಸಿಯಿಂದ ಕೊಡವೂ ಕೊಡದ ಬಿಸಿಯಿಂದ ಮುದುಕಿಯೂ ಉಳಿದರು. ಹೊರಗೆ ಹಜಾರದ ಮಾಡು ಕುಸಿದು ಹೆಂಚೆಲ್ಲ ಮುಚ್ಚಳದ ಮೇಲೆ ಸುರಿಯಿತು. ಒಳಗಿದ್ದವರ ಒಂದು ಕೂದಲೂ ಕೊಂಕಲಿಲ್ಲ. ‘ಹಿಂದೇನೇ ಬರ್ತೀವಿ’ ಎಂದಿದ್ದ ಮೇಷ್ಟ್ರು ಅಷ್ಟು ಹೊತ್ತೂ ಮೊಣಕಾಲಿನ ನಡುವೆ ತಲೆಯಿಟ್ಟು ಕೂತಿದ್ದರು. ಎದ್ದು ಹೋಗಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ತಾವೂ ಏಳಬೇಕಾಗಿತ್ತಲ್ಲ.

ಸೇತುವೆ ಉಳಿಯಿತು. ಶತ್ರುಸೈನ್ಯ ಹಿಂದೆ ಸರಿಯಿತು. ಫಿರಂಗಿ ನಿಂತ ಮೇಲೆ ಜನ ಹೆಂಚು ಸರಿಸಿ ಒಬ್ಬೊಬ್ಬರಾಗಿ ಬೆಳಕಿಗೆ ಹತ್ತಿ ಬಂದರು. ಗಸಿ ಮೆತ್ತಿದ ಮೈ ಎಳೆಹುಲ್ಲಿನ ಹಾಗೆ ಹಳದಿ ಬೆರೆತ ಹಸಿರು.

“ಥೂ, ಪಾಚಿ. ತೊಳೆದರೆ ಹೋಗುತ್ತೆ,” ಎಂದರು ಮೇಷ್ಟ್ರು.

ನೀಲಿಗೈ ಬಾಯಿ ತೆರೆದಳು. ಅಷ್ಟರಲ್ಲಿ ಗಾಳಿ ತನ್ನ ಕೆಲಸ ಶುರುಮಾಡಿತ್ತು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದಂತೆಯೇ ಹಸಿರು ಕಂದಿತು, ಕಪ್ಪಾಯಿತು, ನೀಲಿಯಾಯಿತು. ಮೇಷ್ಟ್ರ ಕಾಲು, ಅಂಗೈ, ಗೋಡೆಗೆ ಒರಗಿದ್ದ ಬೆನ್ನು, ತಲೆಯಿಟ್ಟ ಕಡೆ ಹಣೆಯ ಮೇಲೊಂದು ಪಟ್ಟೆ. ಅವರ ಹೆಂಡತಿ ತನ್ನ ಕೈ ನೋಡಿಕೊಂಡು ಕಿಟಾರನೆ ಕಿರುಚಿದಳು. ಫಿರಂಗಿಗೂ ಅವಳು ಹಾಗೆ ಕಿರುಚಿರಲಿಲ್ಲ.

ಹೊಳೆಗೆ ಓಡಿ ಉಜ್ಜಿದರು. ಬೂದಿ ಹಾಕಿ ಉಜ್ಜಿದರು, ಮರಳು ಹಾಕಿ ಉಜ್ಜಿದರು. ಚರ್ಮ ಕಿತ್ತು ಬಂತೇ ಹೊರತು ಬಣ್ಣ ಬಿಡಲಿಲ್ಲ. ಅಲ್ಲಿಯೇ ಅವರು ಗಸ್ತಿನವರ ಕಣ್ಣಿಗೆ ಬಿದ್ದರು. ಎಲ್ಲಿದ್ದಿರಿ, ಈ ಬಣ್ಣ ಏನು ಎಂದು ಗದರಿದಾಗ ಬೀದಿಯ ಒಬ್ಬ ಹೆದರಿ ಬಾಯಿಬಿಟ್ಟ: ತೊಟ್ಟಿಯಲ್ಲಿ ಕೂತಿದ್ದೆವು. ಸೇತುವೆಯ ಮೇಲೆ ಜೊತೆಗಾರರನ್ನು ಕಳೆದುಕೊಂಡು ಬಂದಿದ್ದ ಸಿಪಾಯಿಗಳಿಗೆ ಅಷ್ಟೇ ಸಾಕಾಯಿತು. ಸಂಜೆಯಾಗುವುದರೊಳಗೆ ಊರಿಗೆಲ್ಲ ಹಬ್ಬಿತು: ನೀಲಿ ಹತ್ತಿದವರು ಅಡಗಿ ಕೂತವರು. ಸಂತೆಯಲ್ಲಿ ಹೆಂಗಸರು ಒಬ್ಬರ ಉಗುರನ್ನು ಒಬ್ಬರು ನೋಡತೊಡಗಿದರು.

ಆಮೇಲೆ ಮೇಷ್ಟ್ರು ದಂಡಿನ ಬಿಡಾರಕ್ಕೆ ಹೋಗಿ ಎಲ್ಲವನ್ನೂ ಸರಿಪಡಿಸಿಕೊಂಡು ಬಂದರು. ಅವರು ಅಲ್ಲಿ ಹೇಳಿದ್ದು ಇಷ್ಟು: ಬೀದಿಯವರೆಲ್ಲ ಚೀಲ ಹೊರಲು ಸಾಲಾಗಿ ಹೊರಟಿದ್ದೆವು. ಬಣ್ಣದ ಮನೆಯ ಮೇಲೆ ಗುಂಡು ಬಿದ್ದು ತೊಟ್ಟಿ ಸಿಡಿಯಿತು. ನಮ್ಮ ಮೇಲೆಲ್ಲ ಬಣ್ಣ ಎರಚಿತು. ಆದರೂ ಹೋದೆವು, ಹೊತ್ತೆವು. ಬಾಯಿಬಿಟ್ಟವನು ಭಯಕ್ಕೆ ಏನೋ ಬಡಬಡಿಸಿದ. ಹಜಾರದ ಮಾಡು ಕುಸಿದದ್ದು ಯಾರಾದರೂ ನೋಡಬಹುದಾಗಿತ್ತು, ತೊಟ್ಟಿಗಳು ಖಾಲಿಯಿದ್ದದ್ದೂ ನಿಜ. ದಂಡಿನವರಿಗೂ ಗೆದ್ದ ಊರಿನಲ್ಲಿ ಹೇಡಿಗಳ ಬೀದಿಯೊಂದಿರುವುದು ಬೇಕಿರಲಿಲ್ಲ. ನಂಬಿದರು.

ಮೈದುನ ಬರಲಿಲ್ಲ.

ನೀಲಿಗೈ ಕೊಡವನ್ನು ಅಡುಗೆಮನೆಯ ಒಲೆಯ ಮಗ್ಗುಲಿಗಿಟ್ಟು, ಅದಕ್ಕೆ ತೌಡು ಹಾಕಿ, ಸೇತುವೆಯ ಕಡೆ ಹೋದಳು. ಹೊಳೆದಂಡೆಯಲ್ಲಿ ಹೊಸ ಮಣ್ಣಿನ ದಿಬ್ಬಗಳು ಸಾಲಾಗಿದ್ದವು. ಒಂದೊಂದರ ಮೇಲೂ ಹೆಸರಿನ ಹಲಗೆ. ಓದಿಸಿಕೊಂಡು ನಡೆದಳು. ಅವನದಿರಲಿಲ್ಲ. ಕೊನೆಗೆ ಹೆಣ ಸಾಗಿಸಿದ ಗಾಡಿಯವನು ಸಿಕ್ಕಿದ.

“ಮೊಣಕೈವರೆಗೆ ನೀಲಿ ಕೈ?” ಎಂದ ಅವನು, ಎತ್ತಿನ ಕೊರಳು ಸವರುತ್ತಾ. “ಒಬ್ಬ ಇದ್ದ. ಸೇತುವೆ ಮೇಲಲ್ಲ, ಮೆಟ್ಟಿಲ ಹತ್ತಿರ ಬಿದ್ದಿದ್ದ, ಹೆಗಲ ಮೇಲೆ ಖಾಲಿ ಗೋಣಿ. ಅವತ್ತು ಸಂಜೆ ಕೈಯ ನೀಲಿ ನೋಡಿ, ಅಡಗಿದ್ದವನು ಓಡಿಹೋಗ್ತಿದ್ದ ಅಂತ ಸಿಪಾಯಿಗಳು ಅಂದ್ರು. ಊರಾಚೆ ಗುಂಡಿಗೆ ಹಾಕ್ಸಿದ್ರು, ತಲೆತಪ್ಪಿಸಿಕೊಂಡವರ ಜೊತೆ.” ಆಮೇಲೆ ಅವಳ ಕೈ ನೋಡಿ, ತನ್ನ ಮಾತನ್ನು ನುಂಗಲು ಯತ್ನಿಸುವವನಂತೆ, “ನಾನು ಗಾಡಿ ಹೊಡೆಯೋನಮ್ಮ. ಹಾಕು ಅಂದ ಕಡೆ ಹಾಕ್ತೀನಿ,” ಎಂದ.

ಅವಳು ದಂಡಿನ ಬಿಡಾರದ ಬಾಗಿಲಲ್ಲಿ ಕೂತಳು. ಕಿರಿಯ ಅಧಿಕಾರಿಯೊಬ್ಬ ಒಳಗೆ ಕರೆಸಿದ. ನಿದ್ದೆಯಿಲ್ಲದ ಕಣ್ಣು, ಒರಟನಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿದ.

“ಖಾಲಿ ಗೋಣಿ ಹಾಕಿಕೊಂಡು ಓಡಿಹೋಗ್ತಾರಾ ಸ್ವಾಮಿ? ಮರಳು ತುಂಬಿಸೋಕೆ ಮೆಟ್ಟಿಲಿಳಿದಿದ್ದಾನೆ. ಅವನ ಕೈ ನೀಲಿ ಇದ್ದದ್ದು ಕಸುಬಿಂದ. ನೋಡಿ, ನನ್ನದೂ ಹಾಗೇ ಇದೆ.”

“ಇರಬಹುದಮ್ಮ. ಆದರೆ ಅವನು ಸೇತುವೆಗೆ ಬಂದದ್ದನ್ನ ನೋಡಿದೋರು ಯಾರು? ನನ್ನ ಕಡೆಯವರು ಆ ಮೆಟ್ಟಿಲ ಹತ್ತಿರ ಒಬ್ಬರೂ ಉಳೀಲಿಲ್ಲ.”

“ಬೀದಿಗೆ ಬೀದಿಯೇ ನೋಡಿದೆ. ಬೀದಿಯ ಪರವಾಗಿ ನೀನು ಹೋಗು ಅಂತ ಮೇಷ್ಟ್ರೇ ಕಳಿಸಿದ್ದು. ಉಳಿದೋರೆಲ್ಲ ನನ್ನ ತೊಟ್ಟೀಲಿದ್ರು.”

ಅಧಿಕಾರಿ ಮೇಜಿನ ಮೇಲಿನ ಟೋಪಿಯನ್ನು ತಿರುಗಿಸಿದ. “ಅವರು ಬೇರೆ ಹೇಳಿದ್ದಾರೆ. ನೀವು ಮನೆಯವರು, ನಿಮ್ಮ ಮಾತು ನಡೆಯಲ್ಲ. ಒಬ್ಬರು ಸಾಕು. ಬೀದಿಯ ಒಬ್ಬರು ಬಂದು, ಅವನು ಹೋದದ್ದು ನಿಜ ಅನ್ನಲಿ. ಅವತ್ತೇ ಗುಂಡಿಯಿಂದ ತೆಗೆಸಿ ದಂಡೆಯ ಮೇಲೆ ಮಣ್ಣು ಮಾಡಿಸ್ತೀನಿ.”

ಒಬ್ಬರು. ತನ್ನ ತೊಟ್ಟಿಗಳಲ್ಲಿ ಬೀದಿಗೆ ಬೀದಿಯೇ ಕೂತಿದ್ದಾಗ ಒಬ್ಬರು ಸಿಗುವುದು ಏನು ಮಹಾ ಎಂದುಕೊಂಡು ನೀಲಿಗೈ ಮನೆ ಮನೆಯ ಬಾಗಿಲು ತಟ್ಟಿದಳು. ಒಬ್ಬರು ಬಾಗಿಲು ತೆರೆಯಲಿಲ್ಲ. ಇನ್ನೊಬ್ಬರು ತೆರೆದು, ಬೆಚ್ಚಗಿನ ದಿನದಲ್ಲೂ ಕೈಗವಸು ಹಾಕಿಕೊಂಡೇ ಮಾತಾಡಿ, ಅವನು ಬಂಗಾರದಂಥ ಮನುಷ್ಯ ಎಂದು ಕಣ್ಣೊರೆಸಿಕೊಂಡು ಬಾಗಿಲು ಹಾಕಿಕೊಂಡರು. ಅವನು ಹೋದ ಎಂದರೆ ನೀವೆಲ್ಲಿದ್ದಿರಿ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ, ಅವನ ಜೊತೆಗೇ ಇದ್ದೆವು ಎಂದರೆ ಅಲ್ಲಿ ಕಂಡದ್ದೇನೆಂದು ಕೇಳುತ್ತಾರೆ, ಕಾಣದ್ದನ್ನು ಹೇಳಹೋದರೆ ಮೇಷ್ಟ್ರು ಕಟ್ಟಿದ ಕಥೆಯೇ ಬಿಚ್ಚಿಕೊಳ್ಳುತ್ತದೆ; ಅದು ಎಲ್ಲರಿಗೂ ಗೊತ್ತಿತ್ತು.

ಮೇಷ್ಟ್ರ ಹೆಂಡತಿ ಮಾತ್ರ ಒಳಗೆ ಕರೆದು ಕೂರಿಸಿದಳು, ಚಾಪೆ ಹಾಸಿ. ಕೂತ ಜಾಗಕ್ಕೆ ಬಣ್ಣ ಹತ್ತದಿರಲೆಂದು ಚಾಪೆ ಹಾಸಬೇಕೆಂಬುದು ಅವಳಿಗೆ ಗೊತ್ತಾಗಿತ್ತು.

“ಹೋದವನು ಹೋದ. ಮಣ್ಣು ಅಲ್ಲಾದರೇನು, ಇಲ್ಲಾದರೇನು?” ಎಂದಳು. “ನಮ್ಮವರು ಸೇತುವೆ ಹತ್ತಿರ ಕಲ್ಲು ನಿಲ್ಲಿಸ್ತಿದ್ದಾರೆ, ಚೀಲ ಹೊತ್ತವರ ಹೆಸರಿಗೆ. ಬೀದಿಯವರದ್ದೆಲ್ಲ ಇರುತ್ತೆ. ತೊಟ್ಟಿ ಸಿಡೀತು ಅಂತ ನೀನೂ ಒಂದು ಮಾತು ಅಂದುಬಿಡು. ನಗರಸಭೆಗೆ ಹೇಳಿ ಹಜಾರಕ್ಕೆ ಮಾಡು ಹಾಕಿಸಿಕೊಡ್ತಾರೆ. ನಾತದ ಮಾತು ಇನ್ನು ನಾನು ಎತ್ತಲ್ಲ.”

“ಕಲ್ಲಿನ ಮೇಲೆ ಅವನ ಹೆಸರು?”

“ಗುಂಡಿಗೆ ಹೋದವರ ಹೆಸರು ಹೇಗೆ ಹಾಕ್ತಾರೆ? ಹುಚ್ಚಿ!”

ನೀಲಿಗೈ ಎದ್ದು ಬಂದಳು. ಉಳಿದದ್ದು ಗಡಿಯಾರದವನ ಅಂಗಡಿ. ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾವುದೋ ಗಡಿಯಾರದ ಹೊಟ್ಟೆಯೊಳಗೆ ಮುಖವಿಟ್ಟು ಕೂತಿದ್ದ. ಅವಳು ಬಂದರೂ ತಲೆಯೆತ್ತಲಿಲ್ಲ. ಅಂಗಡಿಯಲ್ಲಿದ್ದ ಗಡಿಯಾರಗಳೆಲ್ಲ ಗುಂಡಿನ ಅದುರಾಟಕ್ಕೆ ನಿಂತು ಹೋಗಿದ್ದವು. ಮೂಲೆಯ ಮಂಚದಿಂದ ಅವನ ತಾಯಿಯೇ ಮಾತಾಡಿದಳು.

“ಹೋಗಿ ಹೇಳು ಮಗನೇ. ಅವಳ ಕೊಡ ತಬ್ಬಿಕೊಂಡು ಬದುಕಿ ಬಂದಿದ್ದೀನಿ ನಾನು. ಇಲ್ಲಾಂದ್ರೆ ನಾನೇ ಹೋಗ್ತೀನಿ, ಹೊತ್ತುಕೊಂಡು ಹೋಗು.”

“ಹೇಳ್ತೀನಮ್ಮ,” ಎಂದ ಅವನು. ಮಸೂರ ತೆಗೆದ. ಕಣ್ಣು ಒದ್ದೆಯಾಗಿತ್ತು. “ನಾಳೆ ಹೋಗ್ತೀನಿ ಅಕ್ಕ. ನಿಮ್ಮ ಋಣ ಇದೆ.”

ಮರುದಿನ ಅವನು ಬಿಡಾರಕ್ಕೆ ಹೋದದ್ದು ನಿಜ. ನೀಲಿಗೈ ಹೊರಗೆ ಕಾದು ನಿಂತಿದ್ದಳು. ಕಿಟಕಿ ತೆರೆದಿತ್ತು.

“ಅವನನ್ನ ಬಲ್ಲೆ ಸ್ವಾಮಿ,” ಎಂಬ ಅವನ ಧ್ವನಿ ಕೇಳಿತು. “ಒಳ್ಳೇವ್ನು. ಬಣ್ಣದ ಕೆಲಸದೋನು.”

“ಸೇತುವೆಗೆ ಹೋದದ್ದನ್ನ ನೋಡಿದಿರಾ?”

ಕುರ್ಚಿ ಕಿರ್ರೆಂದಿತು.

“ಹೊಗೆ ಬಹಳ ಇತ್ತು ಸ್ವಾಮಿ. ನಾನು... ನಾನೂ ಚೀಲ ಹೊರ್ತಿದ್ದೆ. ಅಕ್ಕಪಕ್ಕ ನೋಡೋಕಾಗಲಿಲ್ಲ.”

ಅವನು ಹೊರಬಂದವನು ಇನ್ನೊಂದು ಬಾಗಿಲಿನಿಂದ ಹೋದ. ಮಗ ಬಂದು ಏನು ಹೇಳಿದನೋ, ಮುದುಕಿ ಅವನ ಕೈಯಿಂದ ಅನ್ನ ಮುಟ್ಟದೆ ಮಲಗಿದಳಂತೆ. ಕಲ್ಲು ನಿಲ್ಲುವ ಹೊತ್ತಿಗೆ ಅವಳೂ ಇರಲಿಲ್ಲ. ಹೇಳಬಲ್ಲ ಒಂದು ಬಾಯಿಯೂ ಹೋಯಿತು.

ಕಲ್ಲು ನಿಂತಿತು. ಬಿಳಿಗಲ್ಲು, ಎದೆಯ ಮೇಲೆ ಸಾಲು ಸಾಲು ಹೆಸರು, ಮೊದಲಿಗೆ ಮೇಷ್ಟ್ರು. ಕಲ್ಲುಕುಟಿಗರ ಪುಡಿ ಇನ್ನೂ ಅಕ್ಷರಗಳಲ್ಲಿ ಕೂತಿತ್ತು. ತೆರೆ ಸರಿಸುವ ದಿನ ಬೆಳಿಗ್ಗೆ ಅದನ್ನು ತೊಳೆದುಕೊಡಲು ಯಾರಾದರೂ ಬೇಕಾಗಿತ್ತು. ತೊಟ್ಟಿಯಿಲ್ಲದೆ, ಕೂಲಿಯಿಲ್ಲದೆ ಕೂತಿದ್ದ ನೀಲಿಗೈ ತಾನು ಬರುತ್ತೇನೆಂದಾಗ ಮೇಷ್ಟ್ರ ಹೆಂಡತಿಗೆ ಸಮಾಧಾನವಾಯಿತು. ಅಂತೂ ಬುದ್ಧಿ ಬಂತು ಎಂದುಕೊಂಡಳು.

ಆ ಬೆಳಿಗ್ಗೆ ನೀಲಿಗೈ ಒಲೆಯ ಮಗ್ಗುಲಿಂದ ಕೊಡವನ್ನು ಎತ್ತಿ ಕೌದಿ ಬಿಚ್ಚಿದಳು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಹೆಪ್ಪು ಜೀವಂತವಾಗಿತ್ತು, ಹಿಂದೆಂದಿಗಿಂತ ಹದವಾಗಿತ್ತು. ಇದರಿಂದ ತಾಯಿತೊಟ್ಟಿಯನ್ನು ಮತ್ತೆ ತುಂಬಬಹುದು, ಮಾಡು ಹಾಕಿಸಿಕೊಳ್ಳಬಹುದು, ಬದುಕಬಹುದು. ಅವಳು ಅದನ್ನೆಲ್ಲ ಯೋಚಿಸದೆ ಇರಲಿಲ್ಲ. ಆದರೆ ಈ ಊರಿನಲ್ಲಿ ನೀಲಿ ಹತ್ತಿದ್ದು ಎಂದರೆ ಏನೆಂದು ಆಗಷ್ಟೇ ಮಾತು ಕಲಿತ ಮಗುವಿಗೂ ಗೊತ್ತು. ಬಾಯಿಗಳು ಹೇಳದ್ದನ್ನು ಬಣ್ಣ ಹೇಳಲಿ ಎಂದು ಕೊಡ ಹೊತ್ತು ನಡೆದಳು.

ಊರು ನೆರೆಯುವ ಹೊತ್ತಿಗೆ ಅವಳು ಬಟ್ಟೆಯ ತೆರೆಯ ಹಿಂದೆ ಕೂತು ಕಲ್ಲನ್ನು ತೊಳೆಯುತ್ತಿದ್ದಳು, ನೆತ್ತಿಯಿಂದ ಬುಡದವರೆಗೆ, ಒಂದೊಂದು ಅಕ್ಷರದ ಸಂದಿಗೂ ಬೆರಳಿಟ್ಟು. ಕೊಡ ತಳ ಕಾಣುವವರೆಗೆ ಸುರಿದಳು. ಮೇಷ್ಟ್ರು ಹಗ್ಗ ಎಳೆದು ತೆರೆ ಸರಿಸಿದಾಗ ಕಲ್ಲು ಒದ್ದೆಯಾಗಿ, ತುಸು ಹಸಿರಾಗಿ ಹೊಳೆಯಿತು.

“ನೀರು ಶುದ್ಧ ಇರಲಿಲ್ವೇನೇ?” ಎಂದು ಮೇಷ್ಟ್ರ ಹೆಂಡತಿ ಅವಳ ಕಿವಿಯಲ್ಲಿ ಗೊಣಗಿದಳು. ಆಮೇಲೆ ಅವಳ ಮೂಗಿಗೆ ನಾತ ತಾಗಿತು. ಅವಳ ಮುಖದ ಬಣ್ಣ ಕಲ್ಲಿಗಿಂತ ಮೊದಲು ಬದಲಾಯಿತು.

ಮೇಷ್ಟ್ರು ಕಲ್ಲಿಗೆ ಬೆನ್ನು ಹಾಕಿ ಭಾಷಣ ಶುರುಮಾಡಿದ್ದರು. ಹೆತ್ತ ನೆಲ ಎನ್ನುವಾಗ ಹಿಂದೆ ಹಸಿರು ಕಂದತೊಡಗಿತ್ತು. ಹರಿದ ನೆತ್ತರು ಎನ್ನುವಾಗ ಅಂಚುಗಳು ಕಪ್ಪಾದವು. ಮುಂದಿನ ಪೀಳಿಗೆಗೆ ಬರುವಷ್ಟರಲ್ಲಿ ಇಡೀ ಕಲ್ಲು, ಹೆಸರುಗಳ ಸಮೇತ, ಅಚ್ಚ ನೀಲಿಯಾಗಿ ನಿಂತಿತ್ತು. ಜನರ ಗುಂಪಿನಲ್ಲಿ ಎಲ್ಲೋ ಒಬ್ಬ ಕಿಸಕ್ಕನೆ ನಕ್ಕ. ಆ ನಗು ಕೇಳಿ ನೀಲಿಗೈಗೆ ಮೈದುನ ಬಾಗಿಲಲ್ಲಿ ಕೈ ಆಡಿಸಿದ್ದು ನೆನಪಾಯಿತು. ಬೀದಿಯವರು ಕೈಗಳನ್ನು ಬೆನ್ನ ಹಿಂದೆ ಸೇರಿಸಿಕೊಂಡರು.

ಮೇಷ್ಟ್ರು ಜನರ ನೋಟದ ಜಾಡು ಹಿಡಿದು ಹಿಂದೆ ತಿರುಗಿದರು. ಕಲ್ಲನ್ನು ನೋಡಿದರು, ಪಕ್ಕದಲ್ಲಿ ಖಾಲಿ ಕೊಡ ಹಿಡಿದು ನಿಂತವಳನ್ನು ನೋಡಿದರು. ಆದರೆ ಅವರು ಎಷ್ಟಾದರೂ ಜೀವಮಾನವಿಡೀ ಮಾತಾಡಿ ಉಂಡವರು. ಒಂದು ಸಲ ಗಂಟಲು ಸರಿಮಾಡಿಕೊಂಡರು.

“ನೋಡಿ ಬಂಧುಗಳೇ!” ಎಂದರು, ಧ್ವನಿ ನಡುಗಿಸಿ. “ನೋಡಿ! ನಮ್ಮ ಬೀದಿಯ ಈ ತಾಯಿ ತನ್ನ ಮನೆಯಲ್ಲಿ ಉಳಿದಿದ್ದ ಕಟ್ಟಕಡೆಯ ಬಣ್ಣವನ್ನ ವೀರರ ಪಾದಕ್ಕೆ ಸುರಿದಿದ್ದಾಳೆ! ಗುಂಡಿಗೆ ಹೆದರದೆ ನೀಲಿ ಮೈಯಲ್ಲೇ ಚೀಲ ಹೊತ್ತ ನಮ್ಮ ಬೀದಿಯ ಗುರುತು ಇದು. ಇನ್ನು ಮೇಲೆ ನೀಲಿ ಅಂದರೆ ಅವಮಾನ ಅಲ್ಲ, ಮಾನ!”

ಮೊದಲ ಚಪ್ಪಾಳೆ ತಟ್ಟಿದವನು ಗಡಿಯಾರದವನು. ಆಮೇಲೆ ಬೀದಿ ತಟ್ಟಿತು, ಆಮೇಲೆ ಊರು. ಮೇಷ್ಟ್ರ ಹೆಂಡತಿ ಎಲ್ಲರೆದುರು ಕೈಗವಸು ಕಳಚಿ, ಉಗುರಿನ ನೀಲಿಯನ್ನು ಎತ್ತಿ ತೋರಿಸಿದಳು.

“ಸುಳ್ಳು!” ಎಂದು ನೀಲಿಗೈ ಕೂಗಿದಳು. “ಇವರೆಲ್ಲ ನನ್ನ ತೊಟ್ಟೀಲಿದ್ರು! ಹೋದವನು ಅವನೊಬ್ಬನೇ!” ಚಪ್ಪಾಳೆಯಲ್ಲಿ ಅದು ಹತ್ತಿರದ ನಾಲ್ವರಿಗೆ ಕೇಳಿರಬಹುದು. ಪಾಪ, ಸಂತೋಷಕ್ಕೆ ಅಳುತ್ತಿದ್ದಾಳೆ ಎಂದು ಯಾರೋ ಅವಳ ಬೆನ್ನು ಸವರಿದರು.

ಜನ ಕರಗಿದ ಮೇಲೆ ಕಿರಿಯ ಅಧಿಕಾರಿ ಅವಳ ಹತ್ತಿರ ಬಂದ. ಟೋಪಿ ಕೈಯಲ್ಲಿತ್ತು.

“ನನಗೆ ಅರ್ಥವಾಯ್ತಮ್ಮ,” ಎಂದ. “ಆದರೆ ಕಲ್ಲಿನ ಹೇಳಿಕೆಯನ್ನ ನಾನು ಬರೆದುಕೊಳ್ಳೋಕಾಗಲ್ಲ.” ಅವನ ದಂಡು ಮರುದಿನ ಇನ್ನೊಂದು ಊರಿನ ಇನ್ನೊಂದು ಸೇತುವೆಗೆ ಹೊರಟು ಹೋಯಿತು.

ಹೆಪ್ಪಿಲ್ಲದ ಮನೆಯಲ್ಲಿ ತೊಟ್ಟಿಗಳು ಮಳೆನೀರು ತುಂಬಿಕೊಂಡವು. ನೀಲಿಗೈ ಹೊಳೆಯಲ್ಲಿ ಬಟ್ಟೆ ಒಗೆಯುವವರ ಜೊತೆ ಸೇರಿದಳು. ಬೀದಿಯವರ ಬಟ್ಟೆಯೂ ಬರುತ್ತಿತ್ತು, ಒಗೆಯುತ್ತಿದ್ದಳು. ವರ್ಷಕ್ಕೊಮ್ಮೆ, ಕಲ್ಲಿನ ಬಣ್ಣ ಮಾಸಿದಂತೆ ಕಂಡಾಗ, ಮೇಷ್ಟ್ರು ದಂಡೆಯ ಮೇಲೆ ನಿಂತು ವಿನಯದಿಂದ ಕೇಳುತ್ತಿದ್ದರಂತೆ: “ತಾಯೀ, ಇನ್ನೊಂದು ಕೊಡ ಸಿಗಬಹುದೇ?” ಅವಳು ಒಗೆಯುವ ಕಲ್ಲಿಗೆ ಬಟ್ಟೆ ಬಡಿಯುತ್ತಲೇ ಇರುತ್ತಿದ್ದಳು. ಆಮೇಲೆ ಅವರು ಪೇಟೆಯಿಂದ ಡಬ್ಬಿಯ ಬಣ್ಣ ತರಿಸಿ ಬಳಿಸಿದರು. ಈಗ ಅಲ್ಲಿರುವುದು ಅದೇ.

ಬೀದಿಯ ಮಕ್ಕಳಿಗೆ ಅವಳನ್ನು ಆಗ ‘ನೀಲಿಗೈಯಮ್ಮನವರು’ ಎಂದು ಕರೆಯಲು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಮಕ್ಕಳು ಹಾಗೆ ಕರೆದು, ಹತ್ತಿರ ಬಂದು, ಗಲಿಬಿಲಿಗೊಂಡು ನಿಲ್ಲುತ್ತಿದ್ದರು. ಸೋಪಿನ ನೀರಿನಲ್ಲಿ ನೆನೆದು ನೆನೆದು ಅವಳ ಕೈಗಳು ಬೆರಳ ತುದಿಯವರೆಗೂ ಬಿಳಿಚಿಕೊಂಡಿದ್ದವು. ಊರಿನಲ್ಲಿ ನೀಲಿ ಕೈ ಎಂದು ಉಳಿದದ್ದು ಒಂದೇ ಜೊತೆ. ಅದು ಊರಾಚೆಯ ಗುಂಡಿಯಲ್ಲಿ, ಓಡಿಹೋದವರ ನಡುವೆ, ಇನ್ನೂ ಇದೆ.